ಮಂದೆ ಎತ್ತಿದ ಹೊಲದ ಹುಳ

ನಾನು ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಹಿರಿಯೂರಿನ ಹತ್ತಿರ, ಬೆಳೆಗಳ ಕೀಟಗಳನ್ನು ನೋಡುವ ಸಣ್ಣದೊಂದು ಕಚೇರಿ. ಆಗ ನನಗೆ ಮೂವತ್ತು ದಾಟಿತ್ತು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಳ ಎಂದರೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಒಂದು ದಿನ ಊಟದ ಬಿಡುವಿನಲ್ಲಿ, ರೇಷನ್ ಅಂಗಡಿಯಿಂದ ತಂದಿದ್ದ ಅಕ್ಕಿಯನ್ನು ಮೇಜಿನ ಮೇಲೆ ಪೇಪರ್ ಹಾಸಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಹಿಂದೆ ಬಂದು ನಿಂತ ನಮ್ಮ ಸಾಹೇಬರು ಸುಮಾರು ಹೊತ್ತು ನೋಡಿದರು.

"ಇಷ್ಟು ಸಣ್ಣ ಕಲ್ಲು ಕನ್ನಡಕ ಇಲ್ದೆ ಕಾಣ್ತೈತೇನಮ್ಮ?" ಎಂದರು.

"ಕಾಣದೇ ಇದ್ರೆ ಹಲ್ಲಿಗೆ ಸಿಗ್ತೈತಲ್ಲ ಸಾರ್," ಎಂದೆ. ಮಾರನೆಯ ದಿನ ನೋಡಿದರೆ ನನ್ನ ಕುರ್ಚಿ ಟೈಪ್‌ರೈಟರ್ ಬಿಟ್ಟು ಅವರ ಮೈಕ್ರೋಸ್ಕೋಪಿನ ಪಕ್ಕಕ್ಕೆ ಬಂದಿತ್ತು.

ಸಾಹೇಬರು ಹೊಳಲ್ಕೆರೆ ಕಡೆಯವರು. ಮೂವತ್ತು ವರ್ಷ ಹುಳಗಳ ಜೊತೆಯೇ ಬಾಳಿದವರು. ಸಿಕ್ಕಿದ್ದಕ್ಕೆಲ್ಲ ಬೇರೆಯವರು ಇಟ್ಟ ಹೆಸರಿನ ಚೀಟಿ ಅಂಟಿಸುವುದೇ ಅವರ ಕೆಲಸವಾಗಿತ್ತು. ಡಿಸೆಂಬರಿಗೆ ನಿವೃತ್ತಿ. ಆ ವರ್ಷದ ಮೊದಲ ಮಳೆಯಾದ ಮೇಲೆ, ಚಿತ್ರದುರ್ಗದ ಹತ್ತಿರ ಮದಕರಿಪುರದ ಹೊಲವೊಂದರಲ್ಲಿ ನಾವು ನೆಲದ ಮಟ್ಟಕ್ಕೆ ಹೂತಿದ್ದ ಹಾಲಿನ ಪುಡಿಯ ಡಬ್ಬಿಯೊಳಗೆ ಒಂದು ಕಪ್ಪು ನೆಲಜೀರುಂಡೆ ಬಿದ್ದಿತ್ತು. ಈ ಜಾತಿಯವು ಹಾರುವುದು ಕಡಿಮೆ, ಓಡುವುದು ಜಾಸ್ತಿ; ಹಗಲು ಹೆಂಟೆಯ ಕೆಳಗಿದ್ದು ಕತ್ತಲಾದ ಮೇಲೆ ಬೇರೆ ಹುಳಗಳನ್ನು ಬೇಟೆಯಾಡುತ್ತವೆ. ಸಾಹೇಬರು ತಮ್ಮ ಹತ್ತಿರವಿದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರು. ಇದಕ್ಕೆ ಹೆಸರೇ ಇರಲಿಲ್ಲ. ಅವತ್ತು ಅವರು ಎರಡು ಸಲ ಕಾಫಿ ತರಿಸಿದರು, ಎರಡನ್ನೂ ಕುಡಿಯಲು ಮರೆತರು.

"ಒಂದಕ್ಕಾದ್ರೂ ನಾನೇ ಹೆಸರಿಟ್ಟು ಹೋಗ್ಬೇಕು ಅಂತಿತ್ತಮ್ಮ," ಎಂದರು.

ಅಂಥ ಹುಳವನ್ನು ಹಾಳು ಮಾಡಿದವಳು ನಾನು. ಕೆಡದಂತೆ ಇಡಬೇಕಾದ್ದನ್ನೆಲ್ಲ ನಮ್ಮ ಮನೆಯಲ್ಲಿ ಬಿಸಿಲಿಗೆ ಹಾಕುತ್ತಿದ್ದೆವು. ಹಪ್ಪಳ, ಮೆಣಸಿನಕಾಯಿ, ಹುಣಸೆಹಣ್ಣು ಎಲ್ಲಕ್ಕೂ ಅದೇ ಔಷಧ. ಹುಳವನ್ನು ಒಣಗಿಸು ಎಂದು ಅವರು ಹೇಳಿದಾಗ ನಾನೂ ಅದನ್ನೇ ಮಾಡಿದೆ. ಬಟ್ಟಲಲ್ಲಿಟ್ಟು ಕಿಟಕಿಯ ಬಿಸಿಲಿಗೆ ಸರಿಸಿದೆ. ತಿರುಗಿ ಬರುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿದ್ದವು, ಹುಳದ ಎಡ ಮೀಸೆ ಮಾಯವಾಗಿತ್ತು. ಬೈಯುತ್ತಾರೆಂದು ತಲೆತಗ್ಗಿಸಿ ನಿಂತೆ.

"ಹೋಗಿದ್ದು ಮೀಸೆ ತಾನೆ. ಹುಳ ಐತಲ್ಲ," ಎಂದು ಇರುವೆಗಳನ್ನು ಮೆಲ್ಲಗೆ ಊದಿದರು. ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆನೇನೋ. ಹಿತ್ತಲಿಗೆ ಹೋಗಿ ಅತ್ತೆ.

ಕಲ್ಕತ್ತೆಯ ತಜ್ಞರೊಬ್ಬರಿಗೆ ಅದರ ಚಿತ್ರ, ವಿವರ ಕಳಿಸಿದ್ದೆವು. ಅವರ ಉತ್ತರ ಬಂದದ್ದು ಜುಲೈನಲ್ಲಿ. ಹುಳ ಹೊಸದಿರಬಹುದು, ಆದರೆ ಒಂದೇ ಹೆಣ್ಣು, ಅದೂ ಮೀಸೆ ಮುರಿದದ್ದು, ಸಾಲದು. ಗಂಡು ಸಿಕ್ಕರೆ ಮುಂದುವರಿಯಿರಿ ಎಂದು ಬರೆದಿದ್ದರು. ಸಾಹೇಬರು ಕಾಗದ ಮಡಚಿ ಡ್ರಾಯರಿನಲ್ಲಿಟ್ಟರು. ಗಂಡನ್ನು ಹಿಡಿದು ತರುವುದು ನನ್ನ ಕೆಲಸ ಎಂದು ನಾನೇ ತೀರ್ಮಾನಿಸಿದೆ.

ವಾರಕ್ಕೊಮ್ಮೆ ಬಸ್ಸು ಹತ್ತಿ ಮದಕರಿಪುರದ ಅದೇ ಹೊಲಕ್ಕೆ ಹೋಗಿ ಬರತೊಡಗಿದೆ. ಬೆಳೆ, ಮಣ್ಣಿನ ಬಣ್ಣ, ಮಳೆ, ಗಾಳಿ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದೆ. ಡಬ್ಬಿಗಳಲ್ಲಿ ಚೇಳು ಬಿತ್ತು, ಕಪ್ಪೆ ಬಿತ್ತು, ಒಂದು ಸಲ ಯಾರೋ ಬೀಡಿ ತುಂಡು ಹಾಕಿದ್ದರು. ನನಗೆ ಬೇಕಾದದ್ದು ಮಾತ್ರ ಬೀಳಲಿಲ್ಲ. ಐದನೆಯ ವಾರ, ಖಾಲಿ ಡಬ್ಬಿಯನ್ನು ಸಿಟ್ಟಿನಿಂದ ಎಸೆದಾಗ ಪಕ್ಕದ ಬದುವಿನಿಂದ ನಗು ಕೇಳಿತು. ಕುರಿ ಕಾಯುತ್ತಿದ್ದ ಹೆಂಗಸು. ನಮ್ಮಮ್ಮನ ವಯಸ್ಸಿರಬೇಕು, ಹೆಗಲ ಮೇಲೆ ಕಂಬಳಿ.

"ಡಬ್ಬಿ ಏನು ಮಾಡೈತ್ರಿ ಪಾಪ? ಬರ್ರಿ, ನೆಳ್ಳಾಗೆ ಕುಂತ್ಕಳ್ರಿ."

ಕೂತು, ಹುಳದ ಚಿತ್ರ ತೋರಿಸಿದೆ. ಆಕೆ ಹಾಳೆಯನ್ನು ದೂರ ಹಿಡಿದು ನೋಡಿದಳು.

"ಇದು ಹೊಲದ ಹುಳ ಅಲ್ಲಲ್ರೀ, ಮಂದೆ ಹುಳ. ನಾವು ಮಂದೆ ಎತ್ತಿ ಮೂರು ದಿನಕ್ಕೆ ಬರ್ತಾವೆ, ಹಿಕ್ಕೆ ಕೆಳಗೆ ನೊಣದ ಮರಿ ತಿನ್ನಾಕೆ. ಹಿಕ್ಕೆ ಒಣಗಿದ ಮ್ಯಾಲೆ ಹುಡುಕಿದ್ರೆ ಎಲ್ಲಿ ಸಿಕ್ತಾವೆ?"

ಬಿತ್ತನೆಗೆ ಮುಂಚೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನಾಲ್ಕು ರಾತ್ರಿ ಇಲ್ಲಿ, ಆಮೇಲೆ ಮಂದೆ ಎತ್ತಿ ಇನ್ನೊಬ್ಬರ ಹೊಲ. ಗೊತ್ತಿದ್ದೂ ನನ್ನ ರಿಜಿಸ್ಟರಿನಲ್ಲಿ ಕುರಿಗೆ ಜಾಗವಿರಲಿಲ್ಲ. ಆ ಮೊದಲ ಮಳೆಯ ವಾರ ಈ ಹೊಲದಲ್ಲಿ ಯಾರ ಕುರಿ ನಿಂತಿದ್ದವು ಎಂದು ಕೇಳಿದೆ.

"ನಮ್ಮವೇ," ಎಂದಳು.

ಐದು ವಾರ ನಾನು ಹೊಲದ ಹಿಂದೆ ಬಿದ್ದಿದ್ದೆ. ಹೋಗಬೇಕಾಗಿದ್ದದ್ದು ಕುರಿಗಳ ಹಿಂದೆ. ನನ್ನ ಬುದ್ಧಿಗೆ ನಾನೇ ಎರಡು ಬಿಗಿಯಬೇಕು ಅನ್ನಿಸಿತು. ಆಕೆಯ ಮಂದೆ ಹುರುಳಿ ಬಿತ್ತುವ ಹೊಲಗಳಿಗೆಂದು ಹೊಸದುರ್ಗದ ಕಡೆ ಹೊರಟಿತ್ತು. ಶ್ರೀರಾಂಪುರದ ಹತ್ತಿರ ಯಾವ ಹೊಲ, ಯಾವ ದಿನ ಎತ್ತುತ್ತೇವೆ ಎಂದು ಬೆರಳು ಮಡಚಿ ಹೇಳಿದಳು.

ಆ ದಿನಕ್ಕೆ ಮೂರು ಕೂಡಿಸಿ, ಹಿಂದಿನ ರಾತ್ರಿ ಹೊಸದುರ್ಗದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಗಿನ ಮೊದಲ ಬಸ್ಸಿಗೆ ಶ್ರೀರಾಂಪುರಕ್ಕೆ ಹೋದೆ. ಮಂದೆ ಆಚೆ ಹೊಲಕ್ಕೆ ಹೋಗಿ ಮೂರು ದಿನವಾಗಿತ್ತು. ನನಗಾಗಿ ಕಾದಿದ್ದ ಆಕೆ, ಕೋಲಿನಿಂದ ತೇವದ ಹಿಕ್ಕೆಯನ್ನು ಸರಿಸುವ ಮೊದಲು ಕೇಳಿದಳು:

"ಎಷ್ಟು ಬೇಕು ತಂಗಿ?"

ಆಗಲೇ 'ರೀ' ಹೋಗಿ 'ತಂಗಿ' ಬಂದಿತ್ತು. ನನಗೆ ಯಾಕೋ ಬಹಳ ಹಿತವಾಯಿತು.

"ಸಿಕ್ಕಷ್ಟು," ಎಂದೆ.

"ಹಂಗೆಲ್ಲ ಆಗಾಕಿಲ್ಲ. ಇವು ಇದ್ರೆ ನೊಣ ಕಡಿಮೆ, ನೊಣ ಕಡಿಮೆಯಾದ್ರೆ ನನ್ನ ಮರಿಗಳ ಗಾಯಕ್ಕೆ ಹುಳ ಬೀಳಾಕಿಲ್ಲ. ಮೂರು ತಗ. ನಾಕನೇದು ಮುಟ್ಟಂಗಿಲ್ಲ."

ಒಪ್ಪಿದೆ. ಗಂಡಿನ ಮುಂಗಾಲಿನ ಪಾದ ಅಗಲವಾಗಿರುತ್ತದೆ, ಅದೇ ಗುರುತು. ಮೊದಲನೆಯದನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ: ಹೆಣ್ಣು. ಎರಡನೆಯದೂ ಹೆಣ್ಣು. ಆಕೆಗೆ ಮಾತು ಕೊಟ್ಟಾಗಿತ್ತು. ಮೂರನೆಯದು ಬೆರಳ ಸಂದಿಯಿಂದ ಎರಡು ಸಲ ತಪ್ಪಿಸಿಕೊಂಡು ಸಿಕ್ಕಿತು. ಪಾದ ಅಗಲ. ನಾನು ಕೂಗಿಬಿಟ್ಟೆ.

"ಗಂಡಸ್ರು ಯಾವಾಗ ಹೊತ್ತಿಗೆ ಸರಿಯಾಗಿ ಬಂದಾರೆ ತಂಗಿ," ಎಂದು ಆಕೆ ಕೋಲೂರಿ ನಕ್ಕಳು. ಇಬ್ಬರೂ ಆ ಹಿಕ್ಕೆಯ ಹೊಲದಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಚೇರಿಯಲ್ಲಿ ಸಾಹೇಬರು ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಂದಿನ ಸೋಮವಾರ, ಹೊಸ ಹೆಸರಿನ ಜೊತೆ ಅಚ್ಚಾಗಬೇಕಾದ ವರ್ಣನೆ ಶುರುವಾಯಿತು. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು. ಬೆನ್ನ ಮೇಲಿನ ಗೆರೆ ಎಂಟು ಎಂದರು. ಅವರು ನೀರು ಕುಡಿಯಲು ಎದ್ದಾಗ ನಾನು ಇಣುಕಿದೆ, ಒಂಬತ್ತಿದ್ದವು. ಒಂಬತ್ತು ಎಂದು ಬರೆದೆ. ಮೊದಲ ದಿನ ಆಯಾಸವಿರಬೇಕು ಅಂದುಕೊಂಡೆ. ಮಾರನೆಯ ದಿನ, ಕಾಲು ಪೂರ್ತಿ ಕಪ್ಪು ಎಂದರು. ಮೊಣಕಾಲ ಕೆಳಗೆ ಕೆಂಪು ಛಾಯೆ ಇತ್ತು. ಕಚೇರಿಯ ಕಾಗದಗಳನ್ನು ಅವರು ಈಚೆಗೆ ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದದ್ದು, ಸಂಜೆ ಮೆಟ್ಟಿಲ ಬಳಿ ತಡೆದು ನಿಲ್ಲುತ್ತಿದ್ದದ್ದು ಆಗ ಅರ್ಥವಾಯಿತು. ಅವರಿಗೆ ಗೊತ್ತಾಗದ ಹಾಗೆ ತಿದ್ದುತ್ತಾ ಹೋದೆ. ಅದು ಪ್ರೀತಿ ಎಂದೇ ನಂಬಿದ್ದೆ, ಈಗಲೂ ಪೂರ್ತಿ ಅಲ್ಲ ಎನ್ನಲಾರೆ.

ಶುಕ್ರವಾರ ಅವರು, "ಇಲ್ಲೀತನಕ ಬರೆದಿದ್ದು ಓದಮ್ಮ," ಎಂದರು.

ಓದಿದೆ. 'ಗೆರೆಗಳು ಒಂಬತ್ತು' ಎಂದಾಗ ಕೈಯೆತ್ತಿ ನಿಲ್ಲಿಸಿದರು.

"ನಾನು ಎಂಟು ಅಂದಿದ್ದೆ."

ಎಂಟು ಎಂದು ತಿದ್ದಿಬಿಟ್ಟರೆ ಆ ಕ್ಷಣಕ್ಕೆ ಎಲ್ಲವೂ ಸುಖವಾಗಿರುತ್ತಿತ್ತು. ಆದರೆ ಮೂವತ್ತು ವರ್ಷ ಕಾದು ಹೆಸರಿಡುತ್ತಿದ್ದ ಒಂದೇ ಹುಳದ ಮೇಲೆ ಅವರ ಹೆಸರಿನಲ್ಲಿ ತಪ್ಪು ಅಚ್ಚಾಗುತ್ತಿತ್ತು.

"ಒಂಬತ್ತಿದಾವೆ ಸಾರ್," ಎಂದೆ.

ಮತ್ತೆ ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಳ್ಳಲಿಲ್ಲ.

"ಯಾವತ್ತಿಂದ ತಿದ್ತಾ ಇದೀಯ?"

"ಸೋಮವಾರದಿಂದ."

ಅವರು ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದರು. ಹೊರಗೆ ಹೋಗುತ್ತಾರೇನೋ ಎಂದುಕೊಂಡೆ. ಮೇಜು ಸುತ್ತಿ ಬಂದು ನನ್ನ ಕುರ್ಚಿಯ ಹತ್ತಿರ ನಿಂತರು.

"ಏಳಮ್ಮ. ನೀನು ಅಲ್ಲಿ ಕೂತ್ಕ. ಇಷ್ಟು ದಿನ ನನಗೆ ಗೊತ್ತಾಗದಂಗೆ ನೋಡ್ತಿದ್ದೆ, ಇನ್ನು ಗೊತ್ತಾಗಂಗೆ ನೋಡು. ನೀನು ಹೇಳು, ನಾನು ಬರೀತೀನಿ."

ಮೂವತ್ತು ವರ್ಷ ಅವರು ಕೂತ ಕುರ್ಚಿಯಲ್ಲಿ ಕೂತು ಕಣ್ಣಿಟ್ಟೆ. ಬೆನ್ನು ಕಪ್ಪು ಎಂದೆ. ಯಾವ ಕಪ್ಪು ಎಂದು ಕೇಳಿದರು. ಒಗ್ಗರಣೆಗೆ ಕಾದ ಕಬ್ಬಿಣದ ಸೌಟಿನದು ಎಂದೆ. ಅದಕ್ಕೆ ಸರಿಯಾದ ಇಂಗ್ಲಿಷ್ ಪದವನ್ನು ಹುಡುಕಿ ಅವರು ಬರೆಯತೊಡಗಿದರು. ತಲೆ ಎತ್ತಿ ನೋಡಿದೆ. ಅಕ್ಷರಗಳು ದೊಡ್ಡದಾಗಿ, ಗೆರೆ ಬಿಟ್ಟು ಕೆಳಕ್ಕೆ ಜಾರುತ್ತಿದ್ದವು.

"ಸಾರ್, ಗೆರೆ ತಪ್ಪೈತೆ," ಎಂದೆ.

ಅವರು ಪೆನ್ನು ಹಿಡಿದ ಕೈಯನ್ನು ನನ್ನ ಕಡೆ ಚಾಚಿದರು. ನಾನು ಅದನ್ನು ಹಿಡಿದು ಸಾಲಿನ ಮೇಲೆ ಇಟ್ಟೆ.