ಮರ್ಯಾದೆಯ ಫ್ಯಾನು

ನನ್ನ ಕಣ್ಣಲ್ಲಿ ನೀರಿನ ಪಸೆಯೇ ಇಲ್ಲ ಎಂದು ಡಾಕ್ಟರು ಹೇಳಿದ ವರ್ಷವೇ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಲ್ಲಿ ನಾನು ಚೆನ್ನಾಗಿ ಅಳುವವಳು ಎಂದು ಹೆಸರಾದೆ. ಎರಡೂ ನಿಜ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನನಗೆ ಸಿಟ್ಟು ಬರುವ ಸಂಗತಿಗಳಿವೆ.

ಆಗ ನಾನು ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಟೀಚರು. ಕೋಲಸಿರ್ಸಿಯಿಂದ ದಿನಾ ಬಸ್ಸು. ವಾರವೆಲ್ಲ ಮಕ್ಕಳಿಗೆ ಸಮಾಜ ವಿಜ್ಞಾನ, ರವಿವಾರ ಬಂತೆಂದರೆ ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ನಾವು ಅರ್ಥಧಾರಿಗಳು ಸಾಲಾಗಿ ಕೂತು, ರಾಜನೋ ರಾಣಿಯೋ ಆಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಅರ್ಥ ಹೇಳುತ್ತೇವೆ. ಬರೆದುಕೊಂಡು ಬಂದ ಮಾತು ನಡೆಯುವುದಿಲ್ಲ. ಎದುರಿನವರು ಕೊಕ್ಕೆ ಹಾಕಿದರೆ ಅಲ್ಲೇ ಬಿಡಿಸಿಕೊಳ್ಳಬೇಕು. ನನಗೆ ಇದ್ದದ್ದು ಒಂದೇ ಆಸೆ: ವಾದ ಮಾಡುವ ರಾಜನ ಪಾತ್ರ ಸಿಗಬೇಕು, ತುಂಬಿದ ಸಭೆಯಲ್ಲಿ ಒಬ್ಬ ಹಿರಿಯ ಅರ್ಥಧಾರಿಯನ್ನು ಮಾತಿನಲ್ಲಿ ಗೆಲ್ಲಬೇಕು. ಮನೆಯಲ್ಲಿ ದಿನಾ ಗೆಲ್ಲುತ್ತಿದ್ದೆ. ಆದರೆ ಅದಕ್ಕೆ ಸಾಕ್ಷಿ ಇರಲಿಲ್ಲ.

ನಮ್ಮ ಕಡೆಯ ಕಾರ್ಯಕ್ರಮಗಳಿಗೆಲ್ಲ ಪಾತ್ರ ಹಂಚುತ್ತಿದ್ದ ಸಂಘಟಕರನ್ನು ಕೇಳಿದೆ. ಅವರು ನನ್ನ ಮೈನಸ್ ಏಳರ ಕನ್ನಡಕವನ್ನೇ ನೋಡಿದರು.

"ರಾಜಂಗೆ ಕನ್ನಡಕ ಚಂದ ಕಾಣ್ತಿಲ್ಲೆ ತಂಗಿ. ರಾಣಿ ಪಾತ್ರ ಇದ್ದು, ಅದನ್ನ ಮಾಡು. ಎರಡು ಪದ್ಯಕ್ಕೆ ಅತ್ಕಂಡು ಕೂತ್ರೆ ಆತು."

ಇದನ್ನು ಹೇಳುವಾಗ ವೇದಿಕೆಯ ಮೇಲೆ ಮೂವರು ರಾಜರು ಕನ್ನಡಕ ಹಾಕಿಕೊಂಡೇ ಕೂತಿದ್ದರು. ಒಬ್ಬರದಂತೂ ಕಡ್ಡಿ ಮುರಿದು ದಾರ ಕಟ್ಟಿಕೊಂಡದ್ದು. ಅದನ್ನು ಅಲ್ಲೇ ತೋರಿಸಿ ಕೇಳಬೇಕಿತ್ತು. ವಾದ ಗೆಲ್ಲುವ ಆಸೆಯಿದ್ದ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಎರಡು ತಿಂಗಳಲ್ಲಿ ಹುಬ್ಬಳ್ಳಿಗೆ ಹೋಗಿ, ಕನ್ನಡಕ ಬಿಡಿಸುವ ಲೇಸರ್ ಮಾಡಿಸಿಕೊಂಡೆ. ಇಲ್ಲದ ರಾಜ್ಯಕ್ಕಾಗಿ ಕಣ್ಣು ಕೊಟ್ಟವಳು ನಾನೊಬ್ಬಳೇ ಇರಬೇಕು.

ಮೊದಲ ಹದಿನೈದು ದಿನ ಸ್ವರ್ಗ. ಅನ್ನ ಬಸಿಯುವಾಗ ಕನ್ನಡಕಕ್ಕೆ ಹಬೆ ಕಟ್ಟುವ ಕಾಟವಿಲ್ಲ, ಕೊನೆಯ ಬೆಂಚಿನಲ್ಲಿ ಯಾರು ಪೆಪ್ಪರಮಿಂಟು ಚೀಪುತ್ತಿದ್ದಾರೆಂದು ನಿಂತಲ್ಲಿಂದಲೇ ಕಾಣುತ್ತದೆ. ಆಮೇಲೆ ಶುರುವಾಯಿತು. ಬೆಳಿಗ್ಗೆ ಎದ್ದರೆ ರೆಪ್ಪೆ ಕಣ್ಣಿಗೆ ಅಂಟಿಕೊಂಡಿರುತ್ತಿತ್ತು. ಹತ್ತು ಪೇಪರು ತಿದ್ದುವಷ್ಟರಲ್ಲಿ ಒಳಗೆ ಮರಳು ಹಾಕಿ ತಿಕ್ಕಿದಂತೆ ಉರಿ. ಇದು ತಿಂಗಳಲ್ಲಿ ಹೋಗಲಿಲ್ಲ, ವರ್ಷದಲ್ಲೂ ಹೋಗಲಿಲ್ಲ. ಕೆಲವರಿಗೆ ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಕೆಲವರು ಬೇರೆ ಯಾರೋ ಎಂದುಕೊಂಡು ಸಹಿ ಹಾಕಿದ್ದೆ.

ತಮಾಷೆ ಇನ್ನೊಂದಿದೆ. ಒಣಗಿದ ಕಣ್ಣಿಗೆ ಗಾಳಿ ಬಡಿದರೆ ಅದು ಗಾಬರಿಯಾಗಿ ಬಳಬಳನೆ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಿಗೆ ಉಪಯೋಗವಿಲ್ಲ. "ಕಣ್ಣು ಒಣಗಿದ್ದು ಹೇಳ್ತೆ, ನೀರು ಕೊಡಪಾನಗಟ್ಟಲೆ ಬತ್ತು. ಎಂತ ಜಾತಿ ಒಣಗಿದ್ದೇ ಇದು?" ಎಂದು ಅತ್ತೆ ಕೇಳಿದರು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರು ನಂಬಲಿಲ್ಲ. ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ರೆಪ್ಪೆ ಮೇಲಿಟ್ಟರು, ನೆತ್ತಿಗೆ ಹರಳೆಣ್ಣೆ ತಟ್ಟಿದರು. ಕಣ್ಣು ಹಾಗೇ ಉಳಿಯಿತು, ದಿಂಬಿಗೆ ಎಣ್ಣೆಯಾಯಿತು.

ಇನ್ನು ಫ್ಯಾನಿನ ವಿಷಯ. ನಮ್ಮ ಕಡೆಯ ಸಭಾಭವನಗಳಲ್ಲಿ ಆಗ ವೇದಿಕೆಗೆ ಒಂದೇ ಪೆಡೆಸ್ಟಲ್ ಫ್ಯಾನು. ಅದನ್ನು ಯಾರ ಮುಖಕ್ಕೆ ತಿರುಗಿಸುತ್ತಾರೋ ಅವರಿಗೆ ಮರ್ಯಾದೆ. ಹೆಂಗಸೊಬ್ಬಳು ಗಂಡಸರ ಸಾಲಿನಲ್ಲಿ ಕೂತಿದ್ದಾಳೆ, ಪಾತ್ರ ಸಣ್ಣದು, ಗಾಳಿಯನ್ನಾದರೂ ದೊಡ್ಡದು ಕೊಡೋಣ ಎಂದು ಸಂಘಟಕರು ಅದನ್ನು ನನ್ನ ಮುಖಕ್ಕೇ ಹಿಡಿಸುತ್ತಿದ್ದರು. ನಾನು ಬೇಡವೆಂದರೆ, "ಸಂಕೋಚ ಮಾಡ್ಕ್ಯಳಡ ತಂಗಿ" ಎಂದು ಇನ್ನೊಂದು ಮೊಳ ಹತ್ತಿರ ಎಳೆಸುತ್ತಿದ್ದರು. ಕಣ್ಣಿನ ತೊಂದರೆ ಎಂದು ಬಿಡಿಸಿ ಹೇಳಿದೆ. "ಅದ್ಕೇ ತಂಪು ಗಾಳಿ ಬೇಕು" ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಹೀಗೆ ವಾನಳ್ಳಿಯ ಕಾರ್ಯಕ್ರಮವೊಂದರಲ್ಲಿ, ಮಗನನ್ನು ಕಳೆದುಕೊಂಡ ರಾಣಿಯಾಗಿ ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಕಣ್ಣು ಧಾರಾಕಾರ ಸುರಿದವು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಆ ದಿನ ಒಂದೆರಡು ಒಳ್ಳೆಯ ಮಾತು ಹೇಳಿದ್ದೆ, ದೇವರಾಣೆ ಹೇಳಿದ್ದೆ. ಯಾರೂ ಕೇಳಿಸಿಕೊಳ್ಳಲಿಲ್ಲ. "ರಾಶಿ ಚೊಲೋ ಅತ್ತೆ ತಂಗಿ!" ಎಂದು ಊಟದ ಪಂಕ್ತಿಯಲ್ಲಿ ಹೊಗಳಿದರು. ಅಲ್ಲಿಂದ ಮುಂದೆ ಅಳುವ ಪಾತ್ರವಿದ್ದರೆ ನನಗೇ ಕರೆ. ಕನ್ನಡಕ ಹೋಗಿತ್ತು, ರಾಜ ಮಾತ್ರ ಬರಲಿಲ್ಲ.

ನಿಜ ಗೊತ್ತಿದ್ದದ್ದು ಒಬ್ಬರಿಗೇ, ಯಲ್ಲಾಪುರದಿಂದ ಮೈಕು, ಫ್ಯಾನು ತರುತ್ತಿದ್ದ ಮೈಕ್ ಸೆಟ್ಟಿನ ಸಾಹೇಬರಿಗೆ. ಒಂದು ದಿನ ವೈರು ಸುತ್ತುತ್ತಾ ಮೆಲ್ಲಗೆ ಕೇಳಿದರು: "ಅಕ್ಕಾ, ಫ್ಯಾನ್ ಮೂರರಾಗೆ ಇಟ್ರೆ ನೀವು ಬಹಳ ಅಳ್ತೀರಿ, ಒಂದರಾಗೆ ಇಟ್ರೆ ಕಮ್ಮಿ. ನಾನು ಎಷ್ಟರಾಗೆ ಇಡ್ಬೇಕು?" ನನ್ನ ಕಲೆಯನ್ನು ಅಷ್ಟು ಸರಿಯಾಗಿ ವಿಮರ್ಶೆ ಮಾಡಿದವರು ಇನ್ನೊಬ್ಬರಿಲ್ಲ.

ಕಡೆಗೆ ಯಲ್ಲಾಪುರದಲ್ಲಿ ಒಂದು ಮಧ್ಯಾಹ್ನ ನನಗೆ ರಾಜನ ಪಾತ್ರ ಸಿಕ್ಕಿತು. ಯೋಗ್ಯತೆಗೆ ಅಂದುಕೊಳ್ಳಬೇಡಿ, ರಾಜನಾಗಬೇಕಿದ್ದವರಿಗೆ ಹೊಟ್ಟೆ ಕೆಟ್ಟಿತ್ತು. ಎದುರಿಗೆ ಪಕ್ಕದ ರಾಜ್ಯದ ದೂತನಾಗಿ ಕೂತವರು ಮೂರು ತಾಲ್ಲೂಕಿಗೆ ಹೆಸರಾದ ಹಿರಿಯ ಅರ್ಥಧಾರಿ. ಅವರು ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಫ್ಯಾನು ಎಂದಿನಂತೆ ನನ್ನ ಮುಖಕ್ಕೆ.

ದೂತನ ವಾದ ಇದು: "ನಿನ್ನ ತಂದೆ ಅರ್ಧ ಕಾಡನ್ನು ನಮ್ಮ ಅರಸನಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ತಂದೆಯ ಮಾತು ಉಳಿಸದವನು ಮಗನೂ ಅಲ್ಲ, ರಾಜನೂ ಅಲ್ಲ."

ನಾನೆಂದೆ: "ಮಾತು ಕೊಟ್ಟವನು ನನ್ನ ತಂದೆ. ಕಾಡಿನಲ್ಲಿ ಬದುಕಿರುವವರು ಪ್ರಜೆಗಳು. ಅವರನ್ನು ಕೇಳಿ ಕೊಟ್ಟನೇ? ಕೇಳಿಲ್ಲವಾದರೆ ಅದು ದಾನವಲ್ಲ, ಪರರ ಸ್ವತ್ತನ್ನು ಹಂಚಿದ್ದು. ತಂದೆಯ ಮಾತು ಉಳಿಸಬೇಕೆಂದು ತಂದೆಯ ತಪ್ಪನ್ನೂ ಉಳಿಸಲೇ?"

ಹಿರಿಯರು ಶಾಲು ಸರಿಮಾಡಿಕೊಂಡರು. ಎಲೆಅಡಿಕೆಯ ತಟ್ಟೆಗೆ ಕೈ ಹಾಕಿ ಹಾಗೇ ತೆಗೆದರು. ಗೆದ್ದೆ ಎಂದುಕೊಂಡೆ! ಅಷ್ಟರಲ್ಲಿ ಅವರ ಕಣ್ಣು ನನ್ನ ಕೆನ್ನೆಯ ಮೇಲೆ ಬಿತ್ತು. ಹಾಳು ಕಣ್ಣು, ಗಾಳಿಗೆ ಸುರಿಯುತ್ತಲೇ ಇತ್ತು.

"ರಾಜಾ, ಬಾಯಿ ಒಲ್ಲೆ ಎನ್ನುತ್ತಿದೆ. ಕಣ್ಣು ಆಗಲೇ ಒಪ್ಪಿಕೊಂಡಿದೆ!"

ಚಪ್ಪಾಳೆಯೆಂದರೆ ಚಪ್ಪಾಳೆ, ಹಂಚು ಹಾರುವಷ್ಟು. ನನಗೆ ಮೈಯೆಲ್ಲ ಉರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ಬಾಯಿಗೂ ಬಂದಿತ್ತು, ಕಣ್ಣು ಕಸಿದುಕೊಂಡಿತು. ಅವಮಾನಕ್ಕೆ ನಿಜವಾಗಿಯೂ ಅಳು ಬಂತು, ಆದರೆ ಯಾವುದು ಯಾವ ನೀರೆಂದು ನನಗೇ ತಿಳಿಯಲಿಲ್ಲ. ಬಿಡುವುದಿಲ್ಲ ಎಂದುಕೊಂಡೆ.

"ಯಾರಲ್ಲಿ? ದೂತ ಬಿಸಿಲಿನಲ್ಲಿ ದೂರದಿಂದ ಬಂದು ಬಳಲಿದ್ದಾನೆ. ನಮ್ಮ ಅರಮನೆಯಲ್ಲಿ ಅತಿಥಿಗೆ ಮೊದಲ ಮರ್ಯಾದೆ. ಚಾಮರವನ್ನು ಅತ್ತ ಬೀಸಿ!"

ಸಾಹೇಬರು ಎದ್ದರು. ಫ್ಯಾನನ್ನು ಹಿರಿಯರತ್ತ ತಿರುಗಿಸಿದರು, ನಾನು ಹೇಳದೆಯೇ ಮೂರಕ್ಕೆ ಇಟ್ಟರು. ಎರಡು ನಿಮಿಷವೂ ಆಗಿರಲಿಲ್ಲ, ಪೊರೆ ತೆಗೆಸಿದ ಕಣ್ಣು ತುಂಬಿ ಹರಿಯಿತು.

"ದೂತನೇ, ಈಗ ನಿನ್ನ ಕಣ್ಣು ಏನನ್ನು ಒಪ್ಪಿಕೊಂಡಿತು?" ಎಂದೆ.

ನಗುತ್ತಾರೆ ಎಂದು ಕಾದೆ. ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನ ಗಂಡಸರು ಕೈಮುಗಿದುಕೊಂಡು ಕೂತಿದ್ದರು. "ಈ ವಯಸ್ಸಲ್ಲೂ ಎಂಥಾ ಭಾವ ನೋಡು!" ಎಂದು ಯಾರೋ ಅಂದದ್ದು ಮೈಕಿಗೂ ಕೇಳಿಸಿತು. ಭಾಗವತರು ಗದ್ಗದ ದನಿಯಲ್ಲಿ ಮುಂದಿನ ಪದ್ಯ ಎತ್ತಿಕೊಂಡರು.

ಮುಗಿದ ಮೇಲೆ ಸಂಘಟಕರು ಮೈಕಿನಲ್ಲಿ ಹಿರಿಯರ ಭಾವಪರವಶತೆಯನ್ನು ಹೊಗಳಿದರು. ಕೆಳಗಿಳಿದು ಬಂದು ನನಗೆ ಬುದ್ಧಿ ಹೇಳಿದರು: "ಮಾತೆಲ್ಲ ಅಡ್ಡಿಲ್ಲೆ. ಆದ್ರೆ ರಾಜ ಅಂದ್ರೆ ಅಳಲಾಗ ತಂಗಿ."

ಹಿಂದಿನ ಜಗುಲಿಗೆ ಹೋಗಿ ಚೀಲದಿಂದ ಹನಿಯ ಬಾಟಲಿ ತೆಗೆದು ಕಣ್ಣಿಗೆ ಬಿಟ್ಟುಕೊಂಡೆ. ಪಕ್ಕದ ನಲ್ಲಿಯಲ್ಲಿ ಹಿರಿಯರು ಮುಖ ತೊಳೆಯುತ್ತಿದ್ದರು. ಕಣ್ಣು ಕೆಂಡವಾಗಿತ್ತು.

"ಎಂತದೇ ಅದು? ಯಂಗೂ ಎರಡು ಹನಿ ಹಾಕು ನೋಡನ" ಎಂದು ಮೆಟ್ಟಿಲ ಮೇಲೆ ಕೂತು ತಲೆ ಹಿಂದಕ್ಕೆ ಒರಗಿಸಿದರು. ಒಂದು ಕಣ್ಣಿಗೆ ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ತಂದೆ ತಪ್ಪನ್ನೂ ಉಳಿಸ್ಲಾ ಅಂದ್ಯಲೆ, ಅದ್ಕೆ ಯಂಗೆ ಉತ್ತರ ಸಿಕ್ಕಿದ್ದಿಲ್ಲೆ. ಖರೇ ಹೇಳ್ತೆ. ಅದ್ಕೇ ನಿನ್ನ ಕಣ್ಣು ಹಿಡ್ಕಂಡಿದ್ದು."

ನಾನು ಗೆದ್ದಿದ್ದೆ! ಈ ಒಂದು ಮಾತಿಗಾಗಿ ಇಷ್ಟು ವರ್ಷ ಕಾದಿದ್ದೆ.

"ಇದನ್ನ ಒಳಗೆ ಬಂದು ಮೈಕಲ್ಲಿ ಹೇಳಿ" ಎಂದೆ.

ಅವರು ತೆರೆದ ಒಂದು ಕಣ್ಣಿನಿಂದ ಸಭಾಭವನದ ಕಡೆ ನೋಡಿದರು. ಸಾಹೇಬರು ವೈರು ಸುತ್ತುತ್ತಿದ್ದರು.

"ಮೈಕ್ ಬಿಚ್ಚಿ ಆತಲೇ ತಂಗಿ."

ಇನ್ನೊಂದು ಕಣ್ಣಿನ ಹನಿಯನ್ನು ಬೇಕೆಂದೇ ಅವರ ಮೂಗಿನ ಮೇಲೆ ಬಿಟ್ಟೆ.