ಆಕ್ಸಲ್ಲಿಗೆ ತೊಡಿಸಿದ ಬಳೆ

ಮೊನ್ನೆ ಕನಕಪುರದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಮುಂದೆ ಮಧ್ಯಾಹ್ನವೆಲ್ಲ ಬಿಸಿಲಿಗೆ ನಿಂತಿದ್ದ ನಮ್ಮ ಹಳೇ ಕಾರಿನ ಬಾಗಿಲು ತೆಗೆದೆ. ಗಮ್ಮೆಂದು ಅರಗಿನ ವಾಸನೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಇನ್ಶೂರೆನ್ಸ್ ಕಾಗದಗಳ ಅಡಿಯಲ್ಲಿ, ಅಂಗೈಗಿಂತ ತುಸು ಅಗಲವಾದ ಮರದ ಬಳೆಯೊಂದಿದೆ. ಕೆಂಪು ಅರಗಿನ ಮೈ, ಅಂಚಿಗೆ ಹಳದಿ ಗೆರೆ, ಸುತ್ತಲೂ ಸಮದೂರದಲ್ಲಿ ಐದು ತೂತು. ನೋಡಿದವರೆಲ್ಲ ಚನ್ನಪಟ್ಟಣದ ಆಟಿಕೆಯೇ ಎಂದು ಕೇಳುತ್ತಾರೆ. ಚನ್ನಪಟ್ಟಣದ್ದು ಹೌದು, ಆಟಿಕೆಯಲ್ಲ. ನನ್ನನ್ನು ವಾದದಲ್ಲಿ ಸೋಲಿಸಿದ ಏಕೈಕ ವಸ್ತು ಅದು.

ಅದನ್ನು ಮಾಡಿದವರು ನಮ್ಮ ಕಾರಿನ ಮೇಸ್ತ್ರಿ. ಹರೆಯದಲ್ಲಿ ಬೊಂಬೆ ಕಡೆಯುತ್ತಿದ್ದವರು, ಆಮೇಲೆ ಕಾರು ರಿಪೇರಿಗೆ ಇಳಿದರು. ಇಳಿದರೂ ಮರ ಕಡೆಯುವ ಲೇತನ್ನು ಬಿಡಲಿಲ್ಲ. ಚನ್ನಪಟ್ಟಣದ ಅವರ ಶೆಡ್ಡಿನಲ್ಲಿ ಒಂದು ಕಡೆ ಕರುಳು ಬಿಚ್ಚಿಕೊಂಡ ಕಾರುಗಳು, ಇನ್ನೊಂದು ಕಡೆ ಬೊಂಬೆ ಕಡೆಯುವ ಆಲೆ ಮರದ ಹೊಟ್ಟು. ನಾನಾಗ ಡಿಗ್ರಿ ಎರಡನೇ ವರ್ಷ. ಚರ್ಚಾಸ್ಪರ್ಧೆಗಳಿಂದ ಎರಡು ಪರ್ಯಾಯ ಪಾರಿತೋಷಕ ತಂದಿದ್ದ ಸೊಕ್ಕು ಬೇರೆ. ಮನೆಯಲ್ಲಿ ಯಾರಾದರೂ 'ಇವತ್ತು ಸೆಕೆ ಜಾಸ್ತಿ' ಎಂದರೂ 'ಯಾವ ಆಧಾರದ ಮೇಲೆ?' ಎಂದು ಕೇಳುತ್ತಿದ್ದ ಕಾಲ ಅದು. ಮೇಸ್ತ್ರಿ ನನ್ನನ್ನು ಕರೆಯುತ್ತಿದ್ದದ್ದು 'ಲಾಯರಮ್ಮ' ಎಂದು.

ಒಂದು ದಿನ ನಮ್ಮೂರು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರ ಅಪ್ಪ ಬ್ರೇಕು ತುಳಿದರು. ಪೆಡಲ್ಲು ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ. ಗೋಡೆಗೆ ಒರಗಿಸಿದ್ದ, ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ರಾಶಿಯ ಮೇಲೆ ಅರ್ಧ ಹತ್ತಿ, ಮೊಟ್ಟೆಗೆ ಕೂತ ಕೋಳಿಯ ಹಾಗೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಕೆಳಗಿಳಿದು ಸೆರಗು ಸಿಕ್ಕಿಸಿಕೊಂಡು, ಹಿಂತಿರುಗಿ ನೋಡದೆ ಮನೆಗೆ ನಡೆದುಬಿಟ್ಟರು. ಈ ಜನ್ಮದಲ್ಲಿ ಇನ್ನು ಆ ಗಾಡಿ ಹತ್ತುವುದಿಲ್ಲವಂತೆ. ಅಮ್ಮ ಹತ್ತದ ಗಾಡಿ ಯಾಕೆ, ಗುಜರಿಗೆ ಹಾಕೋಣ ಎಂದರು ಅಪ್ಪ. ನಾನು ಆಗಷ್ಟೇ ಆ ಕಾರಿನಲ್ಲಿ ಡ್ರೈವಿಂಗ್ ಕಲಿತಿದ್ದೆ. ಹೋರಾಡಿ ಒಂದು ತಿಂಗಳ ವಾಯಿದೆ ಗಿಟ್ಟಿಸಿದೆ. ತಿಂಗಳೊಳಗೆ ಅಮ್ಮ ಕಾರಿನಲ್ಲಿ ಕೂರಬೇಕು, ಇಲ್ಲವಾದರೆ ಗುಜರಿ.

ಮೇಸ್ತ್ರಿ ಚಕ್ರ ಬಿಚ್ಚಿ ನೋಡಿದರು. ಹಳೇ ಡ್ರಮ್ ಬ್ರೇಕನ್ನೇ ರಿಪೇರಿ ಮಾಡಬಹುದು, ಆದರೆ ಅದು ಎತ್ತಿನ ಗಾಡಿಗಳ ನಡುವೆ ಓಡಾಡಲು ಮಾಡಿದ ಬ್ರೇಕು, ಈಗಿನ ಮೈಸೂರು ರಸ್ತೆಗೆ ಸಾಲದು ಎಂದರು. ಹೊಸ ಸಾಮಾನು ಕೊಳ್ಳಲು ಹೋದರೆ ಕಾರಿಗಿಂತ ಬ್ರೇಕೇ ದುಬಾರಿ. ಅವರೇ ಒಂದು ದಾರಿ ಹುಡುಕಿದರು. ಅದೇ ಮನೆತನದ, ಆದರೆ ಈಚಿನ ಮಾದರಿಯ ಟ್ಯಾಕ್ಸಿಯೊಂದು ಹಿಂದಿನಿಂದ ಲಾರಿ ಗುದ್ದಿ, ಹಿಂಭಾಗವೆಲ್ಲ ಜಜ್ಜಿಹೋಗಿ ಗುಜರಿಗೆ ಬಿದ್ದಿತ್ತು. ಅದರ ಮುಂದಿನ ಚಕ್ರ ಕೂರುವ ಹಬ್ಬು, ಡಿಸ್ಕ್ ಬ್ರೇಕು, ಚಕ್ರ ಎಲ್ಲ ತಂದರು. ತಂದ ಮೇಲೆ, ಹಿಂದಿನ ಎರಡು ಚಕ್ರ ಹೊರುವ ಆಕ್ಸಲ್ಲನ್ನೂ ಇಡಿಯಾಗಿ ಬದಲಾಯಿಸಬೇಕು ಎಂದರು. ನನಗೆ ಅನುಮಾನ ಬಂತು.

"ತಪ್ಪು ಮಾಡಿದ್ದು ಮುಂದಿನ ಬ್ರೇಕು ಮೇಸ್ತ್ರಿ. ಹಿಂದಿನ ಆಕ್ಸಲ್ಲಿಗೆ ಯಾಕೆ ಶಿಕ್ಷೆ?"

"ಸರಿ ಕಣ್ ಲಾಯರಮ್ಮ. ಮುಂದಿನ ಹಬ್ಬಿನ ಬೋಲ್ಟು ಅಗಲಕ್ಕವೆ. ಹಿಂದಿನವು ಹಳೇವು, ಕಿರಿದು. ದಾರೀಲಿ ಪಂಚರ್ ಆಯ್ತು ಅನ್ಕೋ. ಇರೋದೊಂದು ಸ್ಟೆಪ್ನಿ. ಯಾವ ಕಾಲ್ಗೆ ಹಾಕ್ತೀಯ?"

ನಾನು ಬಾಯಿ ತೆರೆದೆ. ಸ್ಪರ್ಧೆಯಲ್ಲಿ ಪ್ರತಿವಾದಕ್ಕೆ ಒಂದು ನಿಮಿಷ, ಆಮೇಲೆ ಗಂಟೆ ಎಂದು ನಾನೇ ಅವರಿಗೆ ಯಾವಾಗಲೋ ಹೇಳಿದ್ದೆ. ಮೇಸ್ತ್ರಿ ಸ್ಪ್ಯಾನರೆತ್ತಿ ಹಳೇ ಡ್ರಮ್ಮಿಗೆ ಠಣ್ ಎಂದು ಬಾರಿಸಿದರು.

ಅವತ್ತೇ ಅವರು ಹೊಸ ಹಬ್ಬಿನ ಅಳತೆಗೆ ಈ ಬಳೆ ಕಡೆದದ್ದು. ಹಬ್ಬಿನಿಂದ ಚಾಚಿಕೊಂಡ ಐದು ಬೋಲ್ಟಿಗೆ ಐದು ತೂತು. ಯಾವ ಆಕ್ಸಲ್ಲಿನ ಬೋಲ್ಟಿಗೆ ಇದು ಸರಿಯಾಗಿ ಕೂರುತ್ತದೋ ಅದೇ ನಮ್ಮದು. ಅಷ್ಟಕ್ಕೇ ನಿಲ್ಲಿಸದೆ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪನ್ನೂ ಕೊಟ್ಟರು. ಗ್ರೀಸಿನಲ್ಲಿ ಹೊರಳುವ ವಸ್ತುವಿಗೆ ಬಣ್ಣ ಯಾಕೆ ಎಂದರೆ, "ಬರಿಗೈಲಿ ಹೆಣ್ ನೋಡಕ್ಕೆ ಹೋಗ್ತಾರೇನವ್ವ?" ಎಂದರು.

ಹೆಣ್ಣು ನೋಡುವುದು ಶುರುವಾಯಿತು. ಬಿಡದಿಯ ಕಡೆಯ ಗುಜರಿಯವನೊಬ್ಬ ಒಂದು ಆಕ್ಸಲ್ ಎಳೆದು ತಂದು, "ಸೇಮ್ ಟು ಸೇಮ್ ಕಣಣ್ಣ, ಒಂದೇ ತಾಯಿ ಮಕ್ಳು" ಎಂದ.

"ತಾಯಿ ಒಬ್ಳೇ ಇರ್ಬೋದು ಕಣ್ಲಾ, ಅಪ್ಪ ಯಾರು ನೋಡಾನ ತಡಿ" ಎಂದು ಮೇಸ್ತ್ರಿ ಬಳೆ ತೊಡಿಸಿದರು. ಎರಡು ಬೋಲ್ಟು ಒಳಗೆ ಹೋದವು. ಮೂರನೆಯದರ ಮೇಲೆ ಬಳೆ ಓರೆಯಾಗಿ ನಿಂತಿತು. ವಾಯಿದೆ ಮುಗಿಯಲು ಹತ್ತೇ ದಿನ ಉಳಿದಿದ್ದವು. ನಾನು ಗುಜರಿಯವನ ಪರ ವಾದಕ್ಕೆ ನಿಂತೆ. ವ್ಯತ್ಯಾಸ ಕೂದಲೆಳೆಯಷ್ಟು, ಚಕ್ರದ ತೂತನ್ನು ಕೊಂಚ ಅರದಿಂದ ಉಜ್ಜಿದರಾಯಿತು, ಮಾದರಿಯೂ ಒಂದೇ... ಪಾಯಿಂಟು ಪಾಯಿಂಟಾಗಿ ಹೇಳಿದೆ. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಳೆಯನ್ನು ನನ್ನ ಕೈಗೇ ಕೊಟ್ಟರು.

"ನಂಗ್ ಹೇಳಿದ್ದು ಸಾಕು. ಇದ್ಕೆ ಹೇಳು. ಒಸಿ ವಾದ ಮಾಡಿ ಕೂರ್ಸು ನೋಡಾನ."

ನಾನು ಒತ್ತಿದೆ, ತಿರುಗಿಸಿದೆ, ಗುದ್ದಿದೆ. ಬಳೆ ನನ್ನ ಒಂದು ಪಾಯಿಂಟನ್ನೂ ಒಪ್ಪಲಿಲ್ಲ.

ಕೊನೆಗೆ ಸಿಕ್ಕಿದ್ದು ಮಾಗಡಿಯಲ್ಲಿ. ಅಲ್ಲಿನ ಗುಜರಿಯ ಮುದುಕ ಒಂದು ಆಕ್ಸಲ್ಲಿನ ಮೇಲೆ ಗೋಣಿ ಹಾಸಿಕೊಂಡು ಟೀ ಕುಡಿಯುತ್ತಿದ್ದ. ಅದು ನಿಮ್ಮ ಗಾಡಿಯದಲ್ಲ, ಯಾವುದೋ ಬೇರೆಯದು ಎಂದ. ಮೇಸ್ತ್ರಿ ಅವನನ್ನು ಎಬ್ಬಿಸಿ, ಮಣ್ಣು ಕೆರೆದು ಬಳೆ ತೊಡಿಸಿದರು. ಟಕ್. ಐದೂ ಬೋಲ್ಟು. ಹಗ್ಗ ಹಿಡಿದು ಉದ್ದ ಅಳೆದರೆ ಅದೂ ಸರಿ. ಹೌದು ಎಂದವನದು ಅಲ್ಲ, ಅಲ್ಲ ಎಂದವನದು ಹೌದು! ಸಾಕ್ಷಿ ಹೇಳುವವರ ಬಗ್ಗೆ ನನಗಿದ್ದ ಅಪನಂಬಿಕೆ ಅವತ್ತು ಇನ್ನಷ್ಟು ಗಟ್ಟಿಯಾಯಿತು.

ಜೋಡಣೆಗೆ ಒಂದು ವಾರ ಹಿಡಿಯಿತು. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವಾಗ ಪೆಡಲ್ ತುಳಿಯುವ ಕೆಲಸ ನನ್ನದು. ಕಾರಿನಡಿಯಿಂದ ಮೇಸ್ತ್ರಿಯ ದನಿ ಮಾತ್ರ ಬರುತ್ತಿತ್ತು. "ತುಳಿ... ಬುಡು... ತುಳಿ... ಬುಡು..." ಪ್ರಶ್ನೆ ಕೇಳದೆ ನಾನು ಅಷ್ಟು ಹೊತ್ತು ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು.

ವಾಯಿದೆಯ ಕೊನೆಯ ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯ ಇಳಿಜಾರಿನಲ್ಲಿ ಪರೀಕ್ಷೆ. ಅಮ್ಮ ನೋಡಲು ಬಂದರು, ಛತ್ರಿ ಹಿಡಿದು, ನಡೆದುಕೊಂಡೇ. ಮೇಸ್ತ್ರಿ ಇಳಿಜಾರಿನ ಕೆಳಗೆ ರಸ್ತೆಯ ನಡುವೆ ತಲೆಯಾಡಿಸುವ ಬೊಂಬೆಯೊಂದನ್ನು ಇಟ್ಟು ಟವೆಲ್ ಬೀಸಿದರು. ನಾನು ಮೇಲಿನಿಂದ ಒಬ್ಬಳೇ ಬಂದು ಬ್ರೇಕು ತುಳಿದೆ. ಕಾರು ಎಡಕ್ಕೂ ಎಳೆಯದೆ, ಬಲಕ್ಕೂ ಎಳೆಯದೆ ನಿಂತಿತು. ಬೊಂಬೆ ನಾಲ್ಕು ಮಾರು ದೂರದಲ್ಲಿ ಗಾಳಿಗೆ ಹೌದು ಹೌದು ಎಂದು ತಲೆಯಾಡಿಸುತ್ತಿತ್ತು.

ಅಮ್ಮ ಕರಗಲಿಲ್ಲ. "ಬೊಂಬೆಗೇನ್ ಮೇಸ್ತ್ರಿ, ಜೀವ ಐತಾ?"

"ನಂಗೈತಲ್ಲ ಅಮ್ಮಾವ್ರೆ. ನಾನೇ ನಿಂತ್ಕತೀನಿ ಬುಡಿ" ಎಂದು ಮೇಸ್ತ್ರಿ ಬೊಂಬೆಯನ್ನು ಕಂಕುಳಿಗೆ ಸೇರಿಸಿ, ಅದು ಇದ್ದ ಜಾಗದಲ್ಲೇ ಕೈಕಟ್ಟಿ ನಿಂತರು. "ಹೋಗ್ ಲಾಯರಮ್ಮ, ಮ್ಯಾಲಿಂದ ಬಾ."

ಮೇಲೆ ಹೋಗಿ ಕಾರು ತಿರುಗಿಸಿದೆ. ತಿರುವಿನಿಂದಾಗಿ ಕೆಳಗಿದ್ದವರು ಕಾಣುತ್ತಿರಲಿಲ್ಲ. ಒಮ್ಮೆ ನಿಂತದ್ದು ಮತ್ತೆ ನಿಲ್ಲುತ್ತದೆ ಎನ್ನಲು ಆಧಾರವೇನು? ನಿಂತಲ್ಲೇ ಬ್ರೇಕನ್ನು ಇನ್ನೊಮ್ಮೆ ತುಳಿದು ನೋಡಿದೆ. ಅಷ್ಟರಲ್ಲಿ ಅಮ್ಮ ಏದುಸಿರು ಬಿಡುತ್ತಾ ಏರು ಹತ್ತಿ ಬಂದವರೇ ಮುಂದಿನ ಬಾಗಿಲು ತೆಗೆದು ಧೊಪ್ಪೆಂದು ಕೂತರು.

"ನಾನಿದ್ರೆ ನೀನು ಮೆಲ್ಲಗೆ ಓಡಿಸ್ತೀಯ. ನೀನು ಮೆಲ್ಲಗೆ ಓಡಿಸಿದ್ರೆ ಆ ಮನುಷ್ಯ ಉಳ್ಕೋತಾನೆ. ನಡಿ."

ಅಷ್ಟು ಬಿಗಿಯಾದ ತರ್ಕವನ್ನು ನಾನು ಯಾವ ಸ್ಪರ್ಧೆಯಲ್ಲೂ ಕೇಳಿರಲಿಲ್ಲ. ತಿರುವು ದಾಟಿ ಕೆಳಗೆ ಬಂದರೆ ರಸ್ತೆ ಖಾಲಿ. ಮೇಸ್ತ್ರಿ ಪಕ್ಕದ ಮೋರಿಯ ಕಟ್ಟೆಯ ಮೇಲೆ, ಹೊಂಗೆ ಮರದ ನೆರಳಲ್ಲಿ, ಬೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಹಚ್ಚುತ್ತಿದ್ದರು.

"ಹತ್ಬುಟ್ರಾ ಅಮ್ಮಾವ್ರೆ?"

ತಾನು ಕೂತಿರುವುದು ಎಲ್ಲಿ ಎಂದು ಅಮ್ಮನಿಗೆ ಆಗಲೇ ಹೊಳೆದದ್ದು. ಬೈಯಲು ಬಾಯಿ ತೆರೆದು ನಕ್ಕುಬಿಟ್ಟರು. ಕಾರು ಉಳಿಯಿತು. ಬೇಕೆಂದೇ ಹೂಡಿದ ಆಟವೋ, ಕೊನೆಯ ಗಳಿಗೆಯಲ್ಲಿ ಜೀವಕ್ಕೆ ಹೆದರಿದರೋ... ಮುಂದೆ ಎಷ್ಟು ಸಲ ಕೇಳಿದರೂ ಮೇಸ್ತ್ರಿ ಬೊಂಬೆಯ ತಲೆ ತಟ್ಟುತ್ತಿದ್ದರು, ಅದು ಆಡುತ್ತಿತ್ತು. ಬಳೆಯನ್ನು ಮಾತ್ರ ನನಗೇ ಕೊಟ್ಟರು. "ಗಾಡೀಲೇ ಇಟ್ಕೊ. ಯಾವನಾದ್ರೂ ಸೇಮ್ ಟು ಸೇಮ್ ಅಂದ್ರೆ ತೊಡ್ಸು."

ಕೆಲಸ ಸಿಕ್ಕಿದ ಸುದ್ದಿ ಹೇಳಲು ಚನ್ನಪಟ್ಟಣಕ್ಕೆ ಹೋದಾಗ ಶೆಡ್ಡಿನ ಜಾಗದಲ್ಲಿ ಬೇಕರಿ ಇತ್ತು. ಮೇಸ್ತ್ರಿ ತೀರಿಕೊಂಡು ಆರು ತಿಂಗಳಾಗಿತ್ತು. ಬೇಕರಿಯವನ ಮಾತು ನಂಬದೆ ಇನ್ನೂ ಇಬ್ಬರನ್ನು ವಿಚಾರಿಸಿದೆ... ಎಲ್ಲರೂ ಅದನ್ನೇ ಹೇಳಿದರು.

ಈಗ ದಿನಾ ಅದೇ ಇಳಿಜಾರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ರಸ್ತೆ ಅಗಲವಾಗಿದೆ, ಹೊಂಗೆ ಮರ ಇಲ್ಲ, ಮೋರಿ ಇದೆ. ಅಲ್ಲಿ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಜೊತೆಗೆ ಬರುವ ಸಹೋದ್ಯೋಗಿ ಮೊನ್ನೆ ಕೇಳಿಯೇಬಿಟ್ಟರು, "ಎದುರಿಗೆ ಯಾರೂ ಇಲ್ವಲ್ಲ ಮೇಡಂ, ಯಾಕೆ ಬ್ರೇಕು?"

ಹೌದು, ಯಾರೂ ಇರಲಿಲ್ಲ. ನಾನು ವಾದ ಮಾಡಲಿಲ್ಲ. ತುಳಿದೆ... ಬಿಟ್ಟೆ...