ಬೀಗ ಹಾಕಿದ ಕೋರ್ಟಿಗೆ ಹಾಜರಾದವರು

ಲಿಬ್ರಾದೊ ಕಾಂತೂ ಇಪ್ಪತ್ತಾರು ವರ್ಷ ಗಡಿ ಕಾವಲು ಪಡೆಯಲ್ಲಿ ದುಡಿದು ನಿವೃತ್ತನಾದವನು. ನಿವೃತ್ತಿಯಾದದ್ದು ಅವನ ಸಮವಸ್ತ್ರಕ್ಕೆ ಮಾತ್ರ ಎಂಬುದು ಗಡಿ ನದಿಯ ದಂಡೆಯ ನಮ್ಮ ಎಲ್ ಸಬೀನೊದಲ್ಲಿ ಎಲ್ಲರಿಗೂ ಗೊತ್ತು. ನಾಲ್ಕೂ ದಿಕ್ಕಿನಲ್ಲಿ ಒಂದು ಮೇಕೆಯೂ ಕಾಣದ ಅಡ್ಡರಸ್ತೆಯಲ್ಲಿ ಕೂಡ 'ನಿಲ್ಲಿ' ಎಂಬ ಫಲಕದ ಮುಂದೆ ಗಾಡಿ ನಿಲ್ಲಿಸಿ, ಮೂರು ಎಣಿಸಿ, ಆಮೇಲೆ ಮುಂದೆ ಹೋಗುತ್ತಾನೆ. ಹಿಂದೆ ಸಿಕ್ಕಿಕೊಂಡವರು ಹಾರ್ನ್ ಹೊಡೆದರೆ ಮತ್ತೆ ಒಂದರಿಂದ ಎಣಿಸುತ್ತಾನೆ. ಎರಡು ವಾರಕ್ಕೊಮ್ಮೆ, ಗುರುವಾರ ಹತ್ತು ಗಂಟೆಗೆ, ನನ್ನ ಕ್ಷೌರದಂಗಡಿಗೆ ಬರುತ್ತಾನೆ. ತಲೆಯಲ್ಲಿ ಕತ್ತರಿಸುವಂಥದ್ದು ಹೆಚ್ಚೇನೂ ಉಳಿದಿಲ್ಲ. ಅವನ ಮಾತು ಮುಗಿಯುವವರೆಗೆ ಕತ್ತರಿಯ ಸದ್ದು ಮಾಡುತ್ತಿರುವುದಷ್ಟೇ ನನ್ನ ಕೆಲಸ.

ಅವನ ಅಕ್ಕ ಎಲೋದಿಯ ಅವನಿಗಿಂತ ಆರು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿದವಳೂ ಅವಳೇ. ನದಿಯಾಚೆಯಿಂದ ಆಶ್ರಯ ಕೇಳಿಕೊಂಡು ಬಂದವರನ್ನು ಸರ್ಕಾರ ಕೋರ್ಟಿನ ದಿನಾಂಕ ಕೊಟ್ಟು ಹೊರಗೆ ಬಿಟ್ಟಾಗ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಅವರಿಗೆ ಅಡುಗೆ ಮಾಡಿ ಬಡಿಸುವುದು ಇಪ್ಪತ್ತು ವರ್ಷದಿಂದ ಅವಳ ಕೆಲಸ. ತಮ್ಮ ಹಿಡಿದು ತರುತ್ತಾನೆ, ಅಕ್ಕ ಉಣ್ಣಲಿಕ್ಕುತ್ತಾಳೆ, ಒಟ್ಟಿನಲ್ಲಿ ಕಾಂತೂ ಮನೆತನಕ್ಕೆ ಬಿಡುವಿಲ್ಲ ಎಂದು ಊರಿನವರು ನಗುತ್ತಿದ್ದರು.

ಲಿಬ್ರಾದೊ ಕೆಲಸದಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ಯಾರು ಬೇಕಾದರೂ ಹೇಳಿಯಾರು. ಉತ್ತರದ ಹೆದ್ದಾರಿಯ ತಪಾಸಣೆ ಕಟ್ಟೆಯಲ್ಲಿ ಅವನ ಪಾಳಿ. ಎಲೋದಿಯ ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದಳು. ಅವನು ಕಿಟಕಿಗೆ ಬಗ್ಗಿ, "ಈ ದೇಶದ ಪ್ರಜೆನಾ?" ಎಂದು ಕೇಳಿದ.

"ನಿನ್ನ ಚಡ್ಡಿ ಒಗೆದೋಳು ಕಣೋ ನಾನು," ಎಂದಳು ಅವಳು.

"ಅದು ಉತ್ತರ ಅಲ್ಲಕ್ಕ. ಗಾಡಿ ಪಕ್ಕಕ್ಕೆ ಹಾಕು."

ಇಪ್ಪತ್ತು ನಿಮಿಷ ಪಕ್ಕದಲ್ಲಿ ನಿಲ್ಲಿಸಿದ. ಆ ವರ್ಷ ಕ್ರಿಸ್‌ಮಸ್ಸಿಗೆ ಊರಿಗೆಲ್ಲ ಎಲೋದಿಯಳ ಕೈಯ ತಮಾಲೆ, ಅಂದರೆ ಮಾಂಸ ತುಂಬಿದ ಜೋಳದ ಕಡುಬು ಹೋಯಿತು, ಪಕ್ಕದ ಮನೆಯಲ್ಲೇ ಇದ್ದ ಸ್ವಂತ ತಮ್ಮನೊಬ್ಬನನ್ನು ಬಿಟ್ಟು.

ಹೀಗಿದ್ದಾಗ ಆ ಚಳಿಗಾಲ ಬಂತು. ಗಡಿಗೆ ಗೋಡೆ ಕಟ್ಟಲು ಹಣ ಕೊಡಬೇಕೋ ಬೇಡವೋ ಎಂದು ರಾಜಧಾನಿಯಲ್ಲಿ ಜಗಳ ಹತ್ತಿ, ಯಾರೂ ಬಗ್ಗದೆ, ಬಜೆಟ್ಟೇ ಪಾಸಾಗದೆ, ಕೊನೆಗೆ ಅರ್ಧ ಸರ್ಕಾರಕ್ಕೇ ಬೀಗ ಬಿತ್ತು. ಲಿಬ್ರಾದೊ ನನ್ನ ಕುರ್ಚಿಯಲ್ಲಿ ಕೂತು ಹಬ್ಬ ಬಂದವನಂತೆ ಖುಷಿಯಾಗಿದ್ದ.

"ಬೀಳಲಿ ಬಿಡು ಚಾನೊ. ಒಂದು ತಿಂಗಳಲ್ಲ, ವರ್ಷ ಆಗ್ಲಿ. ಗೋಡೆ ಇಲ್ದೆ ಗಡಿ ಕಾಯೋದು ಅಂದ್ರೆ ಜರಡೀಲಿ ನೀರು ಹೊತ್ತಂಗೆ. ನಾನು ಹೊತ್ತಿದೀನಿ, ನಂಗೊತ್ತು."

"ನಿನ್ ಮಗಳ ಸಂಬಳ?" ಎಂದೆ. ಅವನ ಮಗಳು ನೆರೈದಾ ಗಡಿ ದಾಟುವ ಸೇತುವೆಯ ಮೇಲೆ ಬಂದವರನ್ನು ತಪಾಸಣೆ ಮಾಡುವ ಸುಂಕದ ಅಧಿಕಾರಿ. ಬೀಗ ಬಿದ್ದರೂ ಅಂಥವರು ಕೆಲಸಕ್ಕೆ ಹೋಗಲೇಬೇಕು, ಸಂಬಳ ಮಾತ್ರ ಆಮೇಲೆ.

"ಅವಳು ಕಾಂತೂ ಮನೆ ಹುಡುಗಿ. ತಡ್ಕೊತಾಳೆ," ಎಂದ.

ನೆರೈದಾ ಎರಡು ವಾರ ತಡೆದುಕೊಂಡಳು. ಮೂರನೇ ವಾರ ಎಲೋದಿಯ ಹಾಲ್‌ನ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಸಂಬಳವಿಲ್ಲದೆ ದುಡಿಯುತ್ತಿರುವ ಅಧಿಕಾರಿಗಳಿಗೆ ಮಧ್ಯಾಹ್ನ ಒಂದು ಗಂಟೆಗೆ ಊಟ, ಸಮವಸ್ತ್ರದಲ್ಲೇ ಬರಬಹುದು. ಆಶ್ರಯ ಕೇಳಿ ಬಂದವರ ಪಂಕ್ತಿ ಹನ್ನೆರಡಕ್ಕೆ. ಮೊದಲ ಎರಡು ದಿನ ಎರಡೂ ಪಂಕ್ತಿ ಬೇರೆ ಬೇರೆಯಾಗಿದ್ದವು. ಮೂರನೇ ದಿನ ಮಳೆ ಬಂದು ಒಂದೇ ಆದವು. ಬೆಳಿಗ್ಗೆ ಸೇತುವೆಯ ಮೇಲೆ ಯಾರ ಬೆರಳಚ್ಚು ತೆಗೆದುಕೊಂಡಿದ್ದರೋ ಅವರಿಗೇ ಮಧ್ಯಾಹ್ನ ಉಪ್ಪಿನ ಡಬ್ಬಿ ದಾಟಿಸುವುದು ಹೇಗೆಂದು ಅಧಿಕಾರಿಗಳಿಗೆ ಸ್ವಲ್ಪ ಮುಜುಗರವಾಯಿತು, ಅಷ್ಟೆ.

ಲಿಬ್ರಾದೊ ಅತ್ತ ತಲೆ ಹಾಕಲಿಲ್ಲ. ಆದರೆ ನೆರೈದಾಗೆ ಅಪ್ಪನ ನಾಡಿ ಗೊತ್ತು.

"ಊಟ ಪರವಾಗಿಲ್ಲಪ್ಪ," ಎಂದಳು ಒಂದು ಸಂಜೆ. "ಅತ್ತೆ ಮಾಡೋ ಕಾಳು ಮಾತ್ರ ಸಪ್ಪೆ. ಪಾಪ, ನಮ್ಮೋರೆಲ್ಲ ಸುಮ್ನೆ ನುಂಗ್ತಾರೆ."

ಹಂದಿ ಮಾಂಸದ ಚೂರು, ಹಸಿಮೆಣಸು ಹಾಕಿ ಲಿಬ್ರಾದೊ ಬೇಯಿಸುವ ಪಿಂಟೋ ಕಾಳು ನಮ್ಮ ಕಡೆ ಹೆಸರುವಾಸಿ. ತನ್ನ ಪಡೆಯವರು ಸಪ್ಪೆ ಕಾಳು ತಿನ್ನುತ್ತಿದ್ದಾರೆಂಬ ಸುದ್ದಿಯನ್ನು ಅವನಿಂದ ಅರಗಿಸಿಕೊಳ್ಳಲಾಗಲಿಲ್ಲ. ಮಾರನೆಯ ದಿನ ದೊಡ್ಡ ಕಬ್ಬಿಣದ ಹಂಡೆ ಹೊತ್ತುಕೊಂಡು ಹಾಲ್‌ನ ಹಿಂಬಾಗಿಲಿಗೆ ಬಂದ.

"ಇದು ಅಧಿಕಾರಿಗಳಿಗೆ ಮಾತ್ರ," ಎಂದ.

"ಆಯ್ತಪ್ಪ, ಕಾಳಿಗೆ ಪಾಸ್‌ಪೋರ್ಟ್ ಕೇಳಿ ಬಡಿಸ್ತೀನಿ," ಎಂದು ಎಲೋದಿಯ ಹಂಡೆ ಇಳಿಸಿಕೊಂಡು ಎಲ್ಲರ ತಟ್ಟೆಗೂ ಹಾಕಿದಳು. ಅವನು ನೋಡಿಯೂ ನೋಡದವನಂತಿದ್ದ.

ಆ ಅಡುಗೆಮನೆಯಲ್ಲಿ ಒಸ್ಮಾನ್ ಎಂಬ ಹೊಂಡುರಾಸ್ ದೇಶದವನಿದ್ದ. ನಲವತ್ತರ ಆಸುಪಾಸು, ಕಸುಬಿನಲ್ಲಿ ಬ್ರೆಡ್ ಮಾಡುವವನು. ಬಂದವರೆಲ್ಲ ಒಂದೆರಡು ದಿನದಲ್ಲಿ ನೆಂಟರ ಊರಿಗೆ ಬಸ್ಸು ಹತ್ತುತ್ತಿದ್ದರು. ನೆಂಟರಿಲ್ಲದ ಒಸ್ಮಾನ್ ಅಲ್ಲೇ ಉಳಿದು, ಒಲೆ ನೋಡಿಕೊಂಡು, ತನ್ನ ವಿಚಾರಣೆಯ ದಿನಕ್ಕಾಗಿ ಹದಿನಾಲ್ಕು ತಿಂಗಳಿಂದ ಕಾಯುತ್ತಿದ್ದ. ಆ ದಿನ ಈಗ ಬರುವ ಬುಧವಾರ. ನಾಲ್ಕು ಗಂಟೆ ದಾರಿಯ ದೊಡ್ಡ ಊರಿನಲ್ಲಿ ವಲಸೆ ಕೋರ್ಟು. ಅದಕ್ಕೂ ಬೀಗ ಬಿದ್ದಿದೆಯೆಂದು ಸುದ್ದಿ. ಆದರೆ ಅವನ ಕೈಯಲ್ಲಿದ್ದ ಕಾಗದದಲ್ಲಿ, ಹಾಜರಾಗದಿದ್ದರೆ ಗಡಿಪಾರು ಎಂದು ದಪ್ಪಕ್ಷರದಲ್ಲಿತ್ತು. ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತುತ್ತಿರಲಿಲ್ಲ.

ಅವನು ಆ ಕಾಗದವನ್ನು ಲಿಬ್ರಾದೊಗೆ ತೋರಿಸಿದ. "ದೋನ್ ಲಿಬ್ರಾದೊ, ಯಜಮಾನ್ರೇ, ನೀವು ಕಾನೂನು ತಿಳಿದೋರು. ಹೋಗ್ಬೇಕಾ, ಬೇಡ್ವಾ?"

ಲಿಬ್ರಾದೊ ಕನ್ನಡಕ ಹಾಕಿಕೊಂಡು ಕಾಗದದ ಎರಡೂ ಮಗ್ಗುಲು ಓದಿದ. ಇಪ್ಪತ್ತಾರು ವರ್ಷ ಅವನು ನದಿಯ ದಂಡೆಯಲ್ಲಿ ಸಿಕ್ಕ ಪ್ರತಿಯೊಬ್ಬನಿಗೂ ಹೇಳಿದ್ದು ಒಂದೇ ಮಾತು, ಸಾಲಿನಲ್ಲಿ ನಿಂತು ಬನ್ನಿ ಎಂದು. ಈಗ ಸಾಲಿನಲ್ಲಿ ನಿಂತವನೊಬ್ಬ ಎದುರಿಗಿದ್ದ, ಸಾಲನ್ನೇ ಮುಚ್ಚಿಬಿಟ್ಟಿದ್ದರು. ಮುಚ್ಚಲಿ ಎಂದು ನನ್ನ ಕುರ್ಚಿಯಲ್ಲಿ ಕೂತು ಹರಸಿದವನು ತಾನೇ. ಅವನ ಕಿವಿ ಕೆಂಪಾದದ್ದನ್ನು ಎಲೋದಿಯ ನೋಡಿದಳಂತೆ.

"ಹಾಜರಾಗಿ ಅಂತ ಬರೆದಿದೆ," ಎಂದ ಕೊನೆಗೆ. "ಬೀಗ ಹಾಕಿದ್ರೆ ಹಾಜರಾಗಬೇಡಿ ಅಂತ ಎಲ್ಲೂ ಬರೆದಿಲ್ಲ. ಬುಧವಾರ ಬೆಳಿಗ್ಗೆ ಏಳಕ್ಕೆ ರೆಡಿ ಇರು. ಶರ್ಟ್ ಇಸ್ತ್ರಿ ಮಾಡಿರ್ಬೇಕು."

ಬುಧವಾರ ಇಬ್ಬರೂ ಹೊರಟರು. ತಪಾಸಣೆ ಕಟ್ಟೆಯಲ್ಲಿ ಕಾವಲಿನವನು ಲಿಬ್ರಾದೊನ ಮುಖ ನೋಡಿ, "ಹೋಗಿ ಸಾರ್," ಎಂದು ಕೈ ಬೀಸಿದ. ಲಿಬ್ರಾದೊ ಅಲ್ಲಾಡಲಿಲ್ಲ.

"ಕೇಳಲ್ವಾ?"

"ಏನು ಸಾರ್?"

"ಪ್ರಜೆನಾ ಅಂತ."

"ನೀವು ಗೊತ್ತಲ್ಲ ಸಾರ್."

"ನಂಗೆ ನಮ್ಮಕ್ಕನೂ ಗೊತ್ತಿತ್ತು. ಕೇಳು."

ಅವನು ಕೇಳಿದ. ಒಸ್ಮಾನ್‌ನ ಕಾಗದಗಳನ್ನೂ ನೋಡಿದ. ಹಿಂದೆ ಒಂಬತ್ತು ಲಾರಿ ನಿಂತವು.

ದಾರಿಯಲ್ಲಿ ಒಸ್ಮಾನ್ ತನ್ನ ಕಥೆ ಹೇಳಿದ. ಅವನಿಗೂ ಅವನ ಅಣ್ಣನಿಗೂ ಸೇರಿ ಒಂದು ಬ್ರೆಡ್ ಅಂಗಡಿಯಿತ್ತು. ಊರನ್ನು ಆಳುವ ಪುಂಡರ ಗುಂಪು ಪ್ರತಿ ಶುಕ್ರವಾರ ಕಪ್ಪ ಕೇಳುತ್ತಿತ್ತು. ಅಣ್ಣ ಪೊಲೀಸರಿಗೆ ದೂರು ಕೊಟ್ಟ. ದೂರು ಕೊಟ್ಟ ಸುದ್ದಿ ಸಂಜೆಯೊಳಗೆ ಗುಂಪಿಗೆ ತಲುಪಿತ್ತು. ಮಾರನೆಯ ಮುಂಜಾನೆ ಹಿಟ್ಟು ಕಲಸುವ ಮೇಜಿನ ಪಕ್ಕದಲ್ಲೇ ಅಣ್ಣನನ್ನು ಕೊಂದರು. ಒಸ್ಮಾನ್ ಬಚಾವಾದದ್ದು ಯೀಸ್ಟ್ ತರಲು ಹೋಗಿದ್ದರಿಂದ.

ಲಿಬ್ರಾದೊ ಇಂಥ ಕಥೆಗಳನ್ನು ನೂರಾರು ಕೇಳಿದ್ದ. ಆದರೆ ಅವನ ಕೆಲಸ ಅರ್ಜಿಯ ಖಾನೆ ತುಂಬಿಸುವುದು. ಖಾನೆ ಸಣ್ಣದು, ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಯವರೆಗೆ ಕೇಳಿದ್ದು ಇದೇ ಮೊದಲು ಎಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡ.

ಸ್ವಲ್ಪ ದೂರ ಹೋದ ಮೇಲೆ ಒಸ್ಮಾನ್ ತಾನಾಗಿಯೇ ಮಾತು ತೆಗೆದ. "ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ನಾನು ಸೇತುವೆ ಮೇಲೆ ಹನ್ನೊಂದು ದಿನ ನಿಂತೆ, ನನ್ನ ನಂಬರ್ ಬರ್ಲಿ ಅಂತ. ಅಷ್ಟರಲ್ಲಿ ಕೆಳಗೆ ನದೀಲಿ ಈಜ್ಕೊಂಡು ಹೋದೋರು ನನಗಿಂತ ಮುಂಚೆ ಆಚೆ ಸೇರಿದ್ರು. ಅದನ್ನ ಯಾರೂ ಯಾಕೆ ತಡೆಯಲ್ಲ?"

ಲಿಬ್ರಾದೊ ಗಾಡಿಯನ್ನು ನಿಧಾನ ಮಾಡಿದ. "ಇನ್ನೊಂದ್ಸಲ ಹೇಳು."

"ಒಂದು ಗೋಡೆನೋ ಏನೋ ಹಾಕಿ, ಬಾಗಿಲು ಒಂದೇ ಇಟ್ರೆ ಸರಿ ಅನ್ಸುತ್ತೆ ನಂಗೆ. ಬಾಗಿಲು ಮಾತ್ರ ತೆಗೆದಿರ್ಬೇಕು."

ಊರಿನಲ್ಲಿ ಇಷ್ಟು ವರ್ಷ ಹುಡುಕಿದರೂ ಸಿಗದ ಬೆಂಬಲಿಗ ಲಿಬ್ರಾದೊಗೆ ಹೀಗೆ ಹೆದ್ದಾರಿಯಲ್ಲಿ ಸಿಕ್ಕಿದ.

ಕೋರ್ಟಿನ ಬಾಗಿಲಿಗೆ ನಿಜವಾಗಿಯೂ ಬೀಗ. ಗಾಜಿಗೆ ಅಂಟಿಸಿದ ಒಂದು ಚೀಟಿ. ಮೆಟ್ಟಿಲ ಮೇಲೆ ಒಸ್ಮಾನ್‌ನಂಥವರೇ ಹದಿನಾರು ಜನ, ಕಂಕುಳಲ್ಲಿ ಕಡತ, ಮೈಮೇಲೆ ಇದ್ದುದರಲ್ಲೇ ಒಳ್ಳೆಯ ಬಟ್ಟೆ. ಒಬ್ಬಳು ಹೆಂಗಸು ಎರಡು ಬಸ್ಸು ಬದಲಿಸಿ ಬಂದಿದ್ದಳು. ಎಲ್ಲರೂ ಅಲ್ಲಲ್ಲಿ ಚದುರಿ ನಿಂತದ್ದನ್ನು ಲಿಬ್ರಾದೊನ ಕಣ್ಣಿಗೆ ತಡೆಯಲಾಗಲಿಲ್ಲ.

"ಸಾಲಾಗಿ ನಿಂತ್ಕೊಳ್ಳಿ," ಎಂದ, ಹಳೆಯ ದನಿಯಲ್ಲಿ.

ಬೀಗ ಹಾಕಿದ ಬಾಗಿಲಿನೆದುರು ಹದಿನೇಳು ಜನ ಸಾಲಾಗಿ ನಿಂತರು. ಲಿಬ್ರಾದೊ ಹಳದಿ ಹಾಳೆಯಲ್ಲಿ ಒಬ್ಬೊಬ್ಬರ ಹೆಸರು, ಅರ್ಜಿಯ ಸಂಖ್ಯೆ, ಬಂದ ಸಮಯ ಬರೆದು ಸಹಿ ಹಾಕಿಸಿದ. ಆಮೇಲೆ ಹಾಳೆಯನ್ನು ಕಟ್ಟಡದ ಕಾವಲುಗಾರನ ಮುಂದೆ ಹಿಡಿದ.

"ಇವರೆಲ್ಲ ಬಂದಿದ್ರು ಅಂತ ಸಾಕ್ಷಿ ಹಾಕಿ."

"ನಾನು ಬಾಗಿಲು ಕಾಯೋನು, ಜಡ್ಜಲ್ಲ ಕಣಣ್ಣ."

"ನಾನೂ ಬಾಗಿಲು ಕಾದೋನೇ. ಇಪ್ಪತ್ತಾರು ವರ್ಷ. ಬಂದೋರನ್ನ ನೋಡಿದ್ರಾ, ಇಲ್ವಾ?"

"ನೋಡ್ದೆ."

"ಅಷ್ಟೇ ಬರೀರಿ. ನೋಡ್ದೆ ಅಂತ."

ಕಾವಲುಗಾರ ಅದನ್ನೇ ಬರೆದು ಸಹಿ ಹಾಕಿದ. ಎಲ್ಲರಿಗೂ ಒಂದೊಂದು ಪ್ರತಿ ಬೇಕಲ್ಲ, ಲಿಬ್ರಾದೊ ಎದುರಿನ ಔಷಧಿ ಅಂಗಡಿಗೆ ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದು ಹಂಚಿದ. ಬಸ್ಸಿನ ಹೆಂಗಸು ಅವನನ್ನು ವಕೀಲನೆಂದೇ ತಿಳಿದು ಕೈ ಮುಗಿದಳು. ಅವನು ತಿದ್ದಲಿಲ್ಲ.

ಮಾರನೆಯ ದಿನ ಹಾಲ್‌ನಲ್ಲಿ ಎಲೋದಿಯ ತಮ್ಮನ ತಟ್ಟೆಗೆ ಎರಡು ಸಲ ಮಾಂಸ ಬಡಿಸಿದಳು. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದಳು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಲಿಬ್ರಾದೊ ಬಿಡಲಿಲ್ಲ.

"ಒಸ್ಮಾನ್, ಗೋಡೆ ವಿಷಯ ಅಕ್ಕಂಗೂ ಹೇಳಪ್ಪ."

ಒಸ್ಮಾನ್ ಸುಳ್ಳು ಹೇಳಲಾರದೆ ಹೇಳಿದ. ಎಲೋದಿಯ ಸೌಟು ಕೆಳಗಿಟ್ಟಳು.

"ಹದಿನಾಲ್ಕು ತಿಂಗಳು ಉಣ್ಣಕ್ಕಿಟ್ಟೋಳು ನಾನು. ನಾಲ್ಕು ಗಂಟೆ ಗಾಡೀಲಿ ಕೂರಿಸ್ಕೊಂಡ್ ಹೋದೋನು ಇವನು. ಅಷ್ಟಕ್ಕೇ ಆ ಕಡೆ ಹೋಗ್ಬಿಟ್ಯಾ?"

"ಬಾಗಿಲು ತೆಗೆದಿರ್ಬೇಕು ಅಂತಾನೂ ಅಂದಿದೀನಮ್ಮ."

"ಅದನ್ನ ಇವನು ಕೇಳಿಸ್ಕೊಂಡಿರಲ್ಲ ಬಿಡು."

ಆದರೆ ಲಿಬ್ರಾದೊ ಅದನ್ನೂ ಕೇಳಿಸಿಕೊಂಡಿದ್ದ. ಮೂವತ್ತೈದನೇ ದಿನ ಸರ್ಕಾರದ ಬೀಗ ತೆಗೆಯಿತು. ನೆರೈದಾಗೆ ಬಾಕಿ ಸಂಬಳ ಬಂತು. ಗೋಡೆಗೆ ಕೇಳಿದ ಹಣ ಆ ಬೀಗದಿಂದ ಬರಲಿಲ್ಲ. ಒಸ್ಮಾನ್‌ಗೆ ಬಂದದ್ದು ವಿಚಾರಣೆಯ ಹೊಸ ದಿನಾಂಕ, ಅಲ್ಲಿಂದ ಮೂರು ವರ್ಷಕ್ಕೆ. ಅದನ್ನು ನೋಡಿದ ಗುರುವಾರ ಲಿಬ್ರಾದೊ ಕುರ್ಚಿಯಲ್ಲಿ ಕೂತವನು ನನಗೊಂದು ಕಾಗದ ಓದಿದ. ನಮ್ಮ ಸಂಸದರಿಗೆ ಬರೆದದ್ದು. ಗೋಡೆ ಕಟ್ಟಿ, ತಪ್ಪಿಲ್ಲ, ಆದರೆ ಸಾಲಿನಲ್ಲಿ ನಿಂತವರ ಕಥೆ ಕೇಳಲು ನ್ಯಾಯಾಧೀಶರನ್ನೂ ಕೊಡಿ, ಅವರಿಗೆ ಸಂಬಳವನ್ನೂ ಕೊಡಿ, ಕೇಳಿ ಮುಗಿಸುವ ಮುಂಚೆ ಯಾರನ್ನೂ ಕಳಿಸಬೇಡಿ, ಕೇಳಿ ಮುಗಿಸಿದ ಮೇಲೆ ನ್ಯಾಯಾಧೀಶರು ಹೇಳಿದಂತೆ ಮಾಡಿ ಎಂದು.

"ಯಾರಿಗೂ ಇಷ್ಟ ಆಗಲ್ಲ ಇದು," ಎಂದೆ.

"ಅದಕ್ಕೇ ಸರಿಯಿದೆ ಅಂತ ಕಾಣುತ್ತೆ," ಎಂದ.

ಮೂರು ವರ್ಷದ ಮೇಲೆ ವಿಚಾರಣೆ ನಡೆಯಿತು. ಈ ಸಲ ಎಲೋದಿಯಳೂ ಹಿಂದಿನ ಸೀಟಿನಲ್ಲಿ ಕೂತು ಹೋದಳು. ಒಸ್ಮಾನ್‌ನ ಪರವಾಗಿ ಒಬ್ಬ ವಕೀಲೆ ಇದ್ದಳು, ಅಣ್ಣನ ಸಾವಿನ ದಾಖಲೆ ಇತ್ತು, ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ ಇತ್ತು. ನ್ಯಾಯಾಧೀಶೆ ಎರಡೂ ಕಡೆಯ ವಾದವನ್ನು ಕೇಳಿದಳು. ಕಡತದಲ್ಲಿದ್ದ ಹಳದಿ ಹಾಳೆಯನ್ನು ಎತ್ತಿ, ಇದನ್ನು ಮಾಡಿದವರು ಯಾರು ಎಂದಳು. ಲಿಬ್ರಾದೊ ಎದ್ದು ನೆಟ್ಟಗೆ ನಿಂತ. ಅವಳು ಒಮ್ಮೆ ನೋಡಿ, ಕೂತುಕೊಳ್ಳಿ ಎಂದಳು. ತೀರ್ಪಿಗೂ ಆ ಹಾಳೆಗೂ ಏನೂ ಸಂಬಂಧವಿರಲಿಲ್ಲ ಎಂದು ವಕೀಲೆ ಆಮೇಲೆ ಮೆತ್ತಗೆ ತಿಳಿಸಿದಳು. ಲಿಬ್ರಾದೊ ಅದನ್ನು ಇವತ್ತಿಗೂ ನಂಬಿಲ್ಲ.

ಒಸ್ಮಾನ್‌ಗೆ ಆಶ್ರಯ ಸಿಕ್ಕಿತು. ಅವನು ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತ. ಅಕ್ಕತಮ್ಮ ಎರಡೂ ಪಕ್ಕ ಕೂತು ಅವನ ಬೆನ್ನು ಸವರಿದರು. ಮನೆಗೆ ಬರುವ ನಾಲ್ಕು ಗಂಟೆ ದಾರಿಯಲ್ಲಿ, ಗೆದ್ದದ್ದು ಕಾನೂನೋ ಕರುಣೆಯೋ ಎಂದು ಅವರಿಬ್ಬರೂ ಜಗಳವಾಡಿದರು. ಒಸ್ಮಾನ್ ನಡುವೆ ಬಾಯಿ ಹಾಕದೆ ನಿದ್ದೆ ಹೋದ.

ಲಿಬ್ರಾದೊಗೆ ಈಗ ಎಪ್ಪತ್ತೊಂದು. ತಿಂಗಳಿಗೊಂದು ಕಾಗದ ಬರೆಯುವುದನ್ನು ಬಿಟ್ಟಿಲ್ಲ. ಎಲೋದಿಯ ಅವುಗಳ ಕಾಗುಣಿತ ತಿದ್ದಿ ಅಂಚೆಗೆ ಹಾಕುತ್ತಾಳೆ, ತನಗೆ ಒಪ್ಪದ ಸಾಲುಗಳನ್ನೂ ಹಾಗೇ ಬಿಡುತ್ತಾಳೆ. ಕಾಗದದ ಅರ್ಧ ಓದಿದವರಿಗೆ ಅವನು ತಮ್ಮವನೆಂದು ತೋರುತ್ತದೇನೋ, ಗೋಡೆ ಬೇಕೆನ್ನುವ, ಬೇಡವೆನ್ನುವ ಎರಡೂ ಪಕ್ಷದ ಕಚೇರಿಗಳಿಂದ ಅವನಿಗೆ ಚಂದಾ ಕೇಳಿ ಪತ್ರಗಳು ಬರುತ್ತವೆ. ಗುರುವಾರ ಅವನ್ನೆಲ್ಲ ತಂದು ನನ್ನ ಕುರ್ಚಿಯಲ್ಲಿ ಓದುತ್ತಾನೆ.

"ನೋಡು ಚಾನೊ, ಇವರಿಬ್ರೂ ನನ್ನನ್ನ 'ಪ್ರೀತಿಯ ಮಿತ್ರರೇ' ಅಂತ ಕರೀತಾರೆ," ಎಂದ ಮೊನ್ನೆ. "ನಮ್ಮಕ್ಕ ಒಂದು ದಿನಾನೂ ಹಂಗೆ ಕರೆದಿಲ್ಲ."